ಶುಲ್ಕ ಇಳಿಸಿ, ಪರೀಕ್ಷೆ ಇಡಿ

ತುಮಕೂರಿನಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವ ನಮಗೆ ಸರ್ಕಾರದ ಪರವಾನಗಿ ಬೇಕು. ಅದಕ್ಕೆಂದೇ 1979ರ ನಿಯಮಗಳಿವೆ. ಆದರೆ ಸೈಟು ತೋರಿಸಿ, ದರ ಕುದುರಿಸಿ, ಟೋಕನ್ ಅಡ್ವಾನ್ಸ್ ಕೊಡಿಸಿ, ಎರಡೂ ಪಾರ್ಟಿಯವರನ್ನು ನನ್ನ ಮೇಜಿನ ಮುಂದೆ ಕೂರಿಸುವ ಬ್ರೋಕರ್‌ಗೆ ಜಮೀನಿನ ಕಾಗದ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬರು ಊರಾಚೆಯ ಜಾಗಕ್ಕೆ ಅಡ್ವಾನ್ಸ್ ಕೊಟ್ಟು ಪತ್ರ ಬರೆಸಲು ಬಂದಿದ್ದರು. ಹಳೆಯ ಪಹಣಿ, ಮ್ಯುಟೇಷನ್ ತರಿಸಿ ನೋಡಿದೆ. ಮೂಲದಲ್ಲಿ ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿ. "ಅಮ್ಮಾ, ಇದು ಪಿಟಿಸಿಎಲ್ ಜಮೀನು, ಬರೆಯೋಕಾಗಲ್ಲ" ಎಂದೆ. "ಇಸಿ ಕ್ಲಿಯರ್ ಇದೆ ಅಂದ್ರಲ್ಲ ಸಾರ್" ಎಂದು ಅವರು ಬ್ರೋಕರ್ ಕಡೆ ತಿರುಗಿದರು. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮಂಜೂರಾತಿಯ ಷರತ್ತು ಅಲ್ಲಿ ಸಿಗುವುದಿಲ್ಲ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಇಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಮೂಲ ಕುಟುಂಬ ಅದನ್ನು ಮರಳಿ ಕೇಳಬಹುದು. ಅದಕ್ಕೆ ಕಾಲಮಿತಿಯೂ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಆ ಕುಟುಂಬದ ಹಕ್ಕು ನ್ಯಾಯವಾದದ್ದೇ. ಕಷ್ಟಪಟ್ಟು ಕೂಡಿಟ್ಟ ಹಣ ಕೊಟ್ಟ ಈ ಹೆಂಗಸಿನದೂ ತಪ್ಪಲ್ಲ. ಆ ಬ್ರೋಕರ್ ಮೋಸಗಾರನಾಗಿರಲಿಲ್ಲ. ಇಸಿ ಇದ್ದರೆ ಸಾಕೆಂದು ಅವನು ನಿಜವಾಗಿಯೂ ನಂಬಿದ್ದ. ಮೋಸಗಾರನನ್ನು ಪೊಲೀಸರು ಹಿಡಿಯಬಹುದು, ತಿಳಿಯದವನನ್ನು ಯಾರು ತಡೆಯಬೇಕು?

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಂದಾಗ ಇದು ಸರಿಹೋಗುತ್ತದೆಂದು ನನಗೆ ಆಸೆಯಿತ್ತು. ಅದರ 9ನೇ ಸೆಕ್ಷನ್ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿತು. ನೋಂದಣಿ ಇಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿಯ ಬೆಲೆಯ ಶೇ 5ರವರೆಗೂ ಏರಬಹುದು. ಆದರೆ 2017ರ ನಮ್ಮ ರಾಜ್ಯದ ನಿಯಮಗಳು ನೋಂದಣಿಗೆ ಕೇಳಿದ್ದು ಪ್ಯಾನ್, ವಿಳಾಸದ ದಾಖಲೆ, ಫೋಟೊ, ಆದಾಯ ತೆರಿಗೆಯ ವಿವರ ಮುಂತಾದವು, ಜೊತೆಗೆ ಶುಲ್ಕ: ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ಐದು ವರ್ಷ ಚಾಲ್ತಿಯಲ್ಲಿರುವ ನೋಂದಣಿ ನಂಬರ್ ಸಿಗುತ್ತದೆ. ಜ್ಞಾನದ ಮಾತು ಎಲ್ಲೂ ಇಲ್ಲ. ಅದೂ ಈ ನೋಂದಣಿ ಬಿಲ್ಡರ್‌ಗಳ ಯೋಜನೆಗಳಿಗೆ ಸಂಬಂಧಿಸಿದ್ದು. ಹಳೆಯ ಮನೆ, ಒಬ್ಬರಿಂದ ಒಬ್ಬರಿಗೆ ಕೈಬದಲಾಗುವ ಬಿಡಿ ಸೈಟು ಇದರ ಹೊರಗೇ ಉಳಿದಿವೆ. ತುಮಕೂರಿನಂಥ ಊರಲ್ಲಿ ಬಡವರು ಕೊಳ್ಳುವುದೇ ಅಂಥವನ್ನು.

ಮಹಾರಾಷ್ಟ್ರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲೂ ಆಗಲಿ, ಕನ್ನಡದಲ್ಲೇ ಆಗಲಿ. ಪಹಣಿಯ 9, 10 ಮತ್ತು 11ನೇ ಕಾಲಂ ಓದುವುದು, ಭೂಪರಿವರ್ತನೆ ಆದೇಶ ಗುರುತಿಸುವುದು, ಖಾತೆ ಇದ್ದ ಮಾತ್ರಕ್ಕೆ ಹಕ್ಕು ಸಾಬೀತಾಗದು ಎಂದು ತಿಳಿಯುವುದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಹಿಯನ್ನೂ ಕೇಳುವುದು: ಇಷ್ಟನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಬಿಡಿ ಸೈಟಿನ ದಲ್ಲಾಳಿಗಳನ್ನೂ ಇದರೊಳಗೆ ತರಬೇಕು.

ಆಟೊ ಓಡಿಸುತ್ತ, ಅಂಗಡಿ ನಡೆಸುತ್ತ ಬಿಡುವಿನಲ್ಲಿ ಕಮಿಷನ್ ದುಡಿಯುವವರ ಹೊಟ್ಟೆಪಾಡು ಏನಾಗಬೇಕು ಎಂದು ಕೆಲವರು ಕೇಳುತ್ತಾರೆ. ಅವರ ಚಿಂತೆ ನನಗೂ ಇದೆ. ಅಂಥವರಿಗೆ 25,000 ದೊಡ್ಡ ಮೊತ್ತ. ಅದನ್ನು ಇಳಿಸಿ, ತಾಲ್ಲೂಕು ಕೇಂದ್ರದಲ್ಲೇ ತರಬೇತಿ ಕೊಡಿ. ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಅದು ಬರುವವರೆಗೆ, ಕೊಳ್ಳುವವರಲ್ಲಿ ನನ್ನ ಮನವಿ ಒಂದೇ. ಟೋಕನ್ ಕೊಡುವ ಮೊದಲು ಹಳೆಯ ಮ್ಯುಟೇಷನ್ ಪ್ರತಿ, ಮಂಜೂರಾದ ಜಮೀನಾಗಿದ್ದರೆ ಮೂಲ ಮಂಜೂರಾತಿಯ ಆದೇಶವನ್ನೂ ಕೇಳಿ, ತಿಳಿದವರಿಗೆ ತೋರಿಸಿ. ಮಾರುವವರು ಕೊಡಲು ಹಿಂದೆಮುಂದೆ ನೋಡಿದರೆ ಆ ಸೈಟನ್ನು ಬಿಟ್ಟುಬಿಡಿ.