ಬಣ್ಣ ನಮ್ಮದು, ಎಂಜಿನ್ ಎಲ್ಲರದು

ವಲ್ಲಾರ್ಪಾಡಂ ದ್ವೀಪಕ್ಕೆ ನಾವು ವರ್ಗವಾಗಿ ಬಂದು ಈ ಮಳೆಗಾಲಕ್ಕೆ ಮೂರು ವರ್ಷ ತುಂಬುತ್ತದೆ. 2004ರಲ್ಲಿ ಗೋಶ್ರೀ ಸೇತುವೆಗಳು ತೆರೆಯುವವರೆಗೆ ಎರ್ನಾಕುಳಂ ಪೇಟೆಗೆ ಹೋಗಲು ದೋಣಿಯನ್ನೇ ನಂಬಿದ್ದ ಊರಿದು. 2011ರಿಂದ ಇಲ್ಲಿ ಕಂಟೇನರ್ ಟರ್ಮಿನಲ್ ನಡೆಯುತ್ತಿದೆ. ಹಗಲಿರುಳೆನ್ನದೆ ಉದ್ದುದ್ದ ಲಾರಿಗಳ ಓಡಾಟ. ಭಾನುವಾರ ಬೆಳಗಿನ ಜಾವದಲ್ಲಿ ಮಾತ್ರ ಅವುಗಳ ನಡುವೆ ಪೆಟ್ಟಿಗೆ ಬಿಗಿದುಕೊಂಡ ಪ್ರವಾಸಿ ಮೋಟಾರ್‌ಸೈಕಲ್ಲುಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಅವುಗಳನ್ನು ನೋಡಿ ನೋಡಿಯೇ ಇರಬೇಕು, ನಲವತ್ತೇಳರ ವಯಸ್ಸಿನಲ್ಲಿ ನಮಗೂ ಒಂದನ್ನು ಕೊಳ್ಳುವ ಆಸೆ ಹುಟ್ಟಿತು. ಇಲ್ಲಿಂದ ಮೈಸೂರಿನ ಮನೆಗೆ ಬಸ್ಸು ರೈಲುಗಳ ಹಂಗಿಲ್ಲದೆ ಹೋಗಿಬರಬೇಕೆಂಬುದು ಅದಕ್ಕೆ ನಾವು ಕೊಟ್ಟುಕೊಂಡ ಸಮರ್ಥನೆ.

ಮಳಿಗೆಯಲ್ಲಿ ಎದುರಾದ ಯುವಕ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದ: ಯಾವ ಬಣ್ಣ ಬೇಕು? ಎಂಜಿನ್ನಿಗೆ ಏನಾದರೂ ಮಾಡಿಸುವಿರಾ? ಎರಡನ್ನೂ ಅವನು ಗ್ರಾಹಕರ ಅಭಿರುಚಿಯ ಒಂದೇ ಪಟ್ಟಿಯಲ್ಲಿ ಸೇರಿಸಿದ್ದ. ಇಂದಿನ ಬಹುಪಾಲು ಕೊಳ್ಳುಗರೂ ಹಾಗೆಯೇ ಭಾವಿಸಿದ್ದಾರೆ. ಇವೆರಡೂ ಬೇರೆ ಬೇರೆ ಜಾತಿಯ ಆಸೆಗಳು. ಒಂದಕ್ಕೆ ಧಾರಾಳವಾಗಿ ಮಣಿಯಬಹುದು, ಇನ್ನೊಂದಕ್ಕೆ ಮಣಿಯಬಾರದು ಎಂಬುದು ನಮ್ಮ ಅಭಿಪ್ರಾಯ.

ಬಣ್ಣದ ಮೋಹ ಕ್ಷುಲ್ಲಕವೆಂದು ನಾವು ಹೇಳಲಾರೆವು, ಏಕೆಂದರೆ ನಾವು ಬೆಳೆದದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ಜಾವಾ ಬೈಕುಗಳನ್ನು ತಯಾರಿಸಲಾರಂಭಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ತಂದೆಯವರ ಜಾವಾ ಕಡುಗೆಂಪು ಬಣ್ಣದ್ದು. ಅದರ ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ತೆಳುಗೆರೆಗಳು. ಗೆರೆ ಮಾಸಿದಾಗ ಅಂಗಡಿಗಳ ಬೋರ್ಡು ಬರೆಯುವವರೊಬ್ಬರನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಮತ್ತೆ ಎಳೆಸುತ್ತಿದ್ದರು. ಬೀದಿಯಲ್ಲಿ ಅಂಥವೇ ನಾಲ್ಕು ಜಾವಾ ಇದ್ದರೂ ಆ ಗೆರೆಯ ಒಂದು ಸಣ್ಣ ಓರೆಯಿಂದ ನಾವು ನಮ್ಮದನ್ನು ಗುರುತಿಸುತ್ತಿದ್ದೆವು. ಸಾವಿರಾರು ಜನ ಕೊಳ್ಳುವ ಒಂದೇ ಅಚ್ಚಿನ ವಸ್ತುವನ್ನು ತನ್ನದಾಗಿಸಿಕೊಳ್ಳುವ ಈ ಹಂಬಲದಲ್ಲಿ ತಪ್ಪೇನಿದೆ?

ಇಂದು ಆ ಹಂಬಲವನ್ನು ಕಂಪನಿಗಳೇ ಪೂರೈಸುತ್ತಿವೆ. ಒಂದೇ ಮಾದರಿಗೆ ಐದಾರು ಬಣ್ಣಗಳು, ಬಣ್ಣಕ್ಕೊಂದು ಬೆಲೆ. ಸೀಟು, ಕನ್ನಡಿ, ಪೆಟ್ಟಿಗೆಗಳನ್ನು ಮುಂಗಡ ಕಾಯ್ದಿರಿಸುವಾಗಲೇ ಆರಿಸಿಕೊಳ್ಳುವ ಸೌಲಭ್ಯವೂ ಕೆಲವು ಕಡೆ ಇದೆ. ಹೆಚ್ಚಿನ ಬೆಲೆಯ ಬಣ್ಣ ಬೇಕಿದ್ದವರು ಕೊಡಲಿ. ಆದರೆ ಕಡಲ ಅಂಚಿನಲ್ಲಿ ವಾಸಿಸುವವರಿಗೆ ಒಂದೆರಡು ಮಾತು. ಉಪ್ಪುಗಾಳಿಗೆ ಕ್ರೋಮ್ ಬಹುಬೇಗ ಚುಕ್ಕೆಗಟ್ಟುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ನೋಡಲು ಗಂಭೀರವಾಗಿದ್ದರೂ ಅದಕ್ಕೆ ಮಾಮೂಲಿ ಪಾಲಿಶ್ ಹಚ್ಚುವಂತಿಲ್ಲ. ಗೀರು ಬಿದ್ದರೆ ಉಜ್ಜಿ ತೆಗೆಯುವಂತೆಯೂ ಇಲ್ಲ. ಕೇರಳದ ಮಳೆಯ ಮಬ್ಬಿನಲ್ಲಿ ಕಡುಗಪ್ಪು ಗಾಡಿ ಲಾರಿ ಚಾಲಕನ ಕಣ್ಣಿಗೆ ತಡವಾಗಿ ಬೀಳುತ್ತದೆ. ಕೊಂಡ ಮೇಲೆ ಬಣ್ಣ ಬದಲಿಸುವುದಾದರೆ ಅದಕ್ಕೂ ಸಾರಿಗೆ ಕಚೇರಿಯ ಅನುಮತಿ ಬೇಕು, ಏಕೆಂದರೆ ನೋಂದಣಿ ಪತ್ರದಲ್ಲಿ ಬಣ್ಣವೂ ಒಂದು ವಿವರ. ಹೀಗಾಗಿ ಕೊಳ್ಳುವ ಮೊದಲೇ ಆರಿಸಿಕೊಳ್ಳುವುದು ಜಾಣತನ.

ಎಂಜಿನ್ನಿನ ವಿಚಾರ ಬೇರೆ. ಸಾಮಾನ್ಯವಾಗಿ ಮಾಡಿಸುವ ಕೆಲಸಗಳು ಮೂರು: ಹೊಗೆ ಸರಾಗವಾಗಿ ಹೋಗುವ ಸೈಲೆನ್ಸರ್, ಹೆಚ್ಚು ಗಾಳಿ ಎಳೆಯುವ ಫಿಲ್ಟರ್, ಇವೆರಡಕ್ಕೂ ಹೊಂದುವಂತೆ ಇಂಧನದ ಲೆಕ್ಕವನ್ನು ತಿದ್ದಿದ ಎಲೆಕ್ಟ್ರಾನಿಕ್ ನಿಯಂತ್ರಣ. ಸೈಲೆನ್ಸರ್ ಬದಲಿಸುವಾಗ ಎಷ್ಟೋ ಸಲ ಕೆಟಲಿಟಿಕ್ ಕನ್ವರ್ಟರ್ ಕೂಡ ಕಳಚಿಹೋಗುತ್ತದೆ. ಕಾರ್ಬನ್ ಮಾನಾಕ್ಸೈಡಿನಂಥ ವಿಷಾನಿಲಗಳ ತೀವ್ರತೆಯನ್ನು ತಗ್ಗಿಸುವುದೇ ಅದರ ಕೆಲಸ. ಇಷ್ಟೆಲ್ಲ ಮಾಡಿದರೆ ಸಿಗುವ ಲಾಭವೇನು? 452 ಸಿಸಿಯ ಇಂದಿನ ಹಿಮಾಲಯನ್ ಹೊರಟಲ್ಲಿಯೇ ಸುಮಾರು 40 ಅಶ್ವಶಕ್ತಿ ಕೊಡುತ್ತದೆ, ಅದೂ ನಿಮಿಷಕ್ಕೆ 8000 ಸುತ್ತಿನಲ್ಲಿ. ತಿದ್ದುಪಡಿಯಿಂದ ಕೂಡಿಕೊಳ್ಳುವ ಅಲ್ಪಸ್ವಲ್ಪ ಶಕ್ತಿಯೂ ಬಹುಪಾಲು ಅಂಥ ಎತ್ತರದ ಸುತ್ತುಗಳಲ್ಲೇ. ಆಲಪ್ಪುಳದ ಮೂಲಕ ತಿರುವನಂತಪುರಕ್ಕೆ ಹೋಗುವ ಸುಮಾರು ಇನ್ನೂರು ಕಿಲೋಮೀಟರ್ ಹಾದಿಯಲ್ಲಿ ಊರು ಮುಗಿಯುವುದೆಲ್ಲಿ, ಇನ್ನೊಂದು ಊರು ಶುರುವಾಗುವುದೆಲ್ಲಿ ಎಂದು ಬಲ್ಲವರಿಲ್ಲ. ಅಲ್ಲಿ ಆ ಶಕ್ತಿಯನ್ನು ಬಳಸಲು ಜಾಗವೆಲ್ಲಿದೆ? ಹೆಚ್ಚುವುದು ಸದ್ದು ಮಾತ್ರ.

ಕಾನೂನೂ ಈ ಮಾತಿನಲ್ಲಿ ಸಂದೇಹ ಉಳಿಸಿಲ್ಲ. ಕೇರಳದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ.

ಇಷ್ಟು ಬುದ್ಧಿ ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ ತಿರುವನಂತಪುರದಲ್ಲಿದ್ದಾಗ ಕರ್ನಾಟಕ ನೋಂದಣಿಯ ನಮ್ಮ ಹಳೆಯ ಬೈಕಿಗೆ ಗುಡುಗಿನ ಸದ್ದಿನ ಸೈಲೆನ್ಸರ್ ಹಾಕಿಸಿದ್ದೆವು. ಒಂದು ಸಂಜೆ ಕೆಳಗಿನ ಮನೆಯ ಹಿರಿಯಮ್ಮ ಗೇಟಿನ ಬಳಿ ಕಾದು ನಿಂತಿದ್ದರು. ಅವರ ಯಜಮಾನರು ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದು ವಾರವಾಗಿತ್ತು. “ಮೋನೇ, ನಿನ್ನ ಗಾಡಿ ಬಂದಾಗಲೆಲ್ಲ ಇವರು ನಿದ್ದೆಯಲ್ಲಿ ಬೆಚ್ಚಿ ಏಳುತ್ತಾರೆ,” ಎಂದರು, ಬೇರೇನನ್ನೂ ಹೇಳಲಿಲ್ಲ. ಅಂದಿನಿಂದ ಗೇಟಿನ ಆಚೆಯೇ ಎಂಜಿನ್ ಆರಿಸಿ ತಳ್ಳಿಕೊಂಡು ಬರುತ್ತಿದ್ದೆವು. ಮೂಲ ಸೈಲೆನ್ಸರನ್ನು ಮೆಕ್ಯಾನಿಕ್ ಗುಜರಿಗೆ ಹಾಕಿಯಾಗಿತ್ತು. ಮರುನೋಂದಣಿಗೆಂದು ಗಾಡಿಯನ್ನು ತಪಾಸಣೆಗೆ ಒಯ್ದಾಗ ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ತೆಗೆಯುತ್ತಿದ್ದ ಅಧಿಕಾರಿಯ ಕಣ್ಣು ಅದರ ಮೇಲೆ ಬಿತ್ತು. ಹೊಸದೊಂದನ್ನು ತರಿಸಿ ಹಾಕಿಸುವವರೆಗೆ ಕಡತ ಮುಂದೆ ಸರಿಯಲಿಲ್ಲ. ಅಧಿಕಾರಿಯ ಮೇಲೆ ನಮಗೆ ದೂರಿಲ್ಲ. ಆ ಹಿರಿಯಮ್ಮನ ಮಾತು ಮಾತ್ರ ಇಂದಿಗೂ ಚುಚ್ಚುತ್ತದೆ.

ವರ್ಗಾವಣೆಯೇ ಬದುಕಾಗಿರುವ ಹೊರನಾಡ ಕನ್ನಡಿಗರು ಇದನ್ನು ಇನ್ನಷ್ಟು ಗಮನಿಸಬೇಕು. ಗಾಡಿಯನ್ನು ಹೊರರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕೆಂಬುದು ಸಾಮಾನ್ಯ ನಿಯಮ. 2021ರಲ್ಲಿ ಬಂದ ಬಿಎಚ್ ಸರಣಿ ಕೇಂದ್ರ ನೌಕರರನ್ನು ಈ ಅಲೆದಾಟದಿಂದ ಬಿಡಿಸಲೆಂದೇ ರೂಪುಗೊಂಡದ್ದು. ಆದರೆ ಸಂಖ್ಯೆ ಬದಲಿಸುವ ಕಷ್ಟ ತಪ್ಪಿದರೂ ಮಾರ್ಪಾಡಿನ ಹೊಣೆ ತಪ್ಪದು.

ಕಾನೂನು ಇಷ್ಟು ಬಿಗಿಯಾದರೆ ಯಂತ್ರದೊಡನೆ ಕೈಯಾಡಿಸುವ ಕಸುಬೇ ಸಾಯುವುದಿಲ್ಲವೇ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸತ್ಯವಿದೆ. ಹೆಚ್ಚು ಶಕ್ತಿ ಬೇಕೆನ್ನುವವರಿಗೆ ಕಂಪನಿಗಳೇ ಪರೀಕ್ಷೆಗೊಳಪಡಿಸಿ, ಪ್ರಮಾಣಪತ್ರ ಪಡೆದು, ಖಾತರಿಯೊಡನೆ ಮಾರುವ ಆಯ್ಕೆಗಳು ಬರಬೇಕು. ಅಂಥ ಶಕ್ತಿಗೆ ತಕ್ಕ ಬ್ರೇಕು ಟೈರುಗಳೂ ಜೊತೆಗಿರಬೇಕು. ಬಣ್ಣ ಬದಲಿಸುವ ಅನುಮತಿಯೂ ಒಂದು ಅರ್ಜಿಯಲ್ಲಿ ಮುಗಿಯುವಂತಾಗಬೇಕು. ಆದರೆ ಕಸುಬಿಗೆ ಇನ್ನೊಂದು ಮುಖವಿದೆ. ಇಂಗ್ಲಿಷ್ ಎಂ.ಎ. ಓದುವಾಗ ನಮಗೆ ಸಿಕ್ಕ ರಾಬರ್ಟ್ ಪರ್ಸಿಗನ 1974ರ ಪುಸ್ತಕದಲ್ಲಿ, ಗೆಳೆಯನ ದುಬಾರಿ ಬಿಎಂಡಬ್ಲ್ಯೂ ಬೈಕಿನ ಸಡಿಲವಾದ ಹ್ಯಾಂಡಲ್ಲಿಗೆ ಬಿಯರ್ ಡಬ್ಬದ ತಗಡಿನ ಚೂರು ಸಾಕೆಂದು ನಿರೂಪಕ ಸಲಹೆ ಕೊಡುತ್ತಾನೆ. ಗೆಳೆಯನಿಗೆ ಅದು ಅವಮಾನವೆನಿಸುತ್ತದೆ. ಯಂತ್ರವನ್ನು ಬಲ್ಲವನಿಗೂ ಕೇವಲ ಕೊಂಡವನಿಗೂ ಇರುವ ಅಂತರವದು. ನಮ್ಮ ತಂದೆಯವರು ಜಾವಾದ ಶಕ್ತಿಯನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸಲಿಲ್ಲ. ಭಾನುವಾರ ಬಂದರೆ ಸೈಲೆನ್ಸರಿನ ಒಳಕೊಳವೆ ಬಿಚ್ಚಿ ಮಸಿ ಕೆರೆಯುತ್ತಿದ್ದರು, ಉಪ್ಪುಕಾಗದದಿಂದ ಪ್ಲಗ್ಗಿನ ತುದಿ ಉಜ್ಜುತ್ತಿದ್ದರು. ಅದರ ಉಸಿರಾಟದ ಏರಿಳಿತ ಅವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಎಂಜಿನ್ ಯಾರದಾಗಬಲ್ಲದು?

ಕೊನೆಗೆ ನಾವು ಕಾಯ್ದಿರಿಸಿದ್ದು ಕಂಪನಿಯ ಪಟ್ಟಿಯಲ್ಲಿದ್ದ ಕೆಂಪು. ತಂದೆಯವರ ಜಾವಾದ ಬಣ್ಣಕ್ಕೆ ತೀರ ಸಮೀಪದ್ದಲ್ಲ, ಆದರೂ ಆ ವಂಶದ್ದು. ಆ ಬಣ್ಣಕ್ಕೆ ಹೆಚ್ಚು ಹಣ ತೆತ್ತೆವು, ಎರಡು ತಿಂಗಳು ಕಾಯಲೂ ಒಪ್ಪಿದೆವು. ಎಂಜಿನ್ ಕಾರ್ಖಾನೆಯಿಂದ ಬಂದಂತೆಯೇ ಇರಲಿ ಎಂದಾಗ ಯುವಕನ ಮುಖ ಸ್ವಲ್ಪ ಬಾಡಿತು. ಅದಕ್ಕೆಂದು ಅವನು ಹೇಳಿದ್ದ ಮೊತ್ತದಲ್ಲಿ ಒಳ್ಳೆಯ ಹೆಲ್ಮೆಟ್, ಮಳೆಯಂಗಿ, ಬೆನ್ನಿಗೆ ಹಿತವಾದ ಸೀಟು ಬಂದವು. ಬತ್ತೇರಿ ದಾಟಿ ಬಂಡೀಪುರದ ಕಾಡನ್ನು ಹೊಗುವ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಅದಕ್ಕೆ ಮೊದಲು ಅಲ್ಲಿಗೆ ತಲುಪಲು ಹೆಚ್ಚಿನ ಅಶ್ವಶಕ್ತಿ ಬೇಕಿಲ್ಲ. ಬೆಳಗ್ಗೆ ಬೇಗ ಹೊರಟರೆ ಸಾಕು.