ಕೈಕೊಡುವ ಕಾರು ಯಾವುದು?

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರನ್ನು ಕಂಡರೆ ಡೀಸೆಲ್ ಅಭಿಮಾನಿಗಳಿಗೆ ಒಂದು ಬಗೆಯ ಕನಿಕರ. ‘ದಾರಿ ಮಧ್ಯೆ ನಿಂತುಬಿಟ್ಟರೆ ಏನು ಗತಿ?’ ಎಂದು ಶುರುವಾಗುವ ವಿಚಾರಣೆ ‘ಬೆಂಕಿ ಹತ್ತಿಕೊಂಡರೆ?’ ಎಂಬಲ್ಲಿ ಬಿಸಿಯೇರಿ, ‘ಹೋಗಲಿ ಬಿಡ್ರಿ, ಓಡಿಸೋದರಲ್ಲಿ ಮಜಾನೇ ಇಲ್ಲ’ ಎಂಬಲ್ಲಿ ಮುಗಿಯುತ್ತದೆ. ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಕೆಲವು ಹಳಸಿವೆ, ಕೆಲವು ಅರ್ಧ ನಿಜ, ಒಂದು ಪೂರ್ತಿ ನಿಜ. ಪೂರ್ತಿ ನಿಜವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲನೆಯದು ನಂಬಿಕೆಯ ಪ್ರಶ್ನೆ. ‘ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಮೀಕ್ಷೆಯೇ ಹೇಳಿದೆಯಲ್ಲ, ಇವಿಗಳಲ್ಲಿ ಪೆಟ್ರೋಲ್ ಕಾರಿಗಿಂತ ಶೇ 79ರಷ್ಟು ಹೆಚ್ಚು ತೊಂದರೆ ಎಂದು?’ ಹೌದು, 2023ರಲ್ಲಿ ಹೇಳಿತ್ತು. 2024ರ ಸಮೀಕ್ಷೆಯಲ್ಲಿ ಅದು ಶೇ 42ಕ್ಕೆ ಇಳಿದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಿರಲಿ, ಆ ಸಮೀಕ್ಷೆ ಎಣಿಸುವುದು ಏನನ್ನು? ಮಾಲೀಕರು ಹೇಳಿಕೊಂಡ ತೊಂದರೆಗಳನ್ನು. ಬ್ಯಾಟರಿ, ಚಾರ್ಜಿಂಗ್ ದೋಷಗಳು ಅದರಲ್ಲಿ ಇವೆ, ಅಲ್ಲಗಳೆಯುವುದಿಲ್ಲ. ಜೊತೆಗೆ ಬಣ್ಣ, ಬಾಗಿಲು, ಎಸಿ, ಪರದೆಯ ಕಿರಿಕಿರಿಗಳೂ ಇವೆ. ಪರದೆ ಮಂಕಾದರೆ ಸಿಟ್ಟು ಬರುತ್ತದೆ, ಗಾಡಿ ನಿಲ್ಲುವುದಿಲ್ಲ.

ಗಾಡಿ ನಿಂತದ್ದನ್ನೇ ಎಣಿಸುವವರು ಬೇರೆ ಇದ್ದಾರೆ. ಜರ್ಮನಿಯ ಎಡಿಎಸಿ ಎಂಬ ವಾಹನ ಸವಾರರ ಸಂಸ್ಥೆ ರಸ್ತೆಯಲ್ಲಿ ಕೆಟ್ಟುನಿಂತವರ ನೆರವಿಗೆ ತನ್ನ ಹಳದಿ ಗಾಡಿಗಳನ್ನು ಕಳಿಸುತ್ತದೆ. ಆ ಕರೆಗಳ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. 2025ರಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ ಎರಡರಿಂದ ನಾಲ್ಕು ವರ್ಷ ಹಳೆಯ ಕಾರುಗಳಲ್ಲಿ ಸಾವಿರಕ್ಕೆ 4.2 ಎಲೆಕ್ಟ್ರಿಕ್ ಕಾರುಗಳು ಕೆಟ್ಟು ನಿಂತಿದ್ದವು. ಪೆಟ್ರೋಲ್-ಡೀಸೆಲ್ ಕಾರುಗಳು 10.4. ವಯಸ್ಸು ಸಮಾನವಾಗಿಯೇ ಇಟ್ಟು ಹೋಲಿಸಿದ್ದು ಇದು. ‘ಇವಿ ಹೊಸದಲ್ಲವೇ, ಅದಕ್ಕೇ ಕೆಡುವುದಿಲ್ಲ’ ಎನ್ನುವ ಹಾಗಿಲ್ಲ.

ಅದಕ್ಕಿಂತ ಸ್ವಾರಸ್ಯದ ಸಂಗತಿ, ನಿಂತ ಎಲೆಕ್ಟ್ರಿಕ್ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಿಂತದ್ದು ಬಾನೆಟ್ ಒಳಗಿನ ಪುಟ್ಟ 12 ವೋಲ್ಟ್ ಬ್ಯಾಟರಿಯಿಂದ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿ ಗಟ್ಟಿಯಾಗಿ ಕೂತಿರುತ್ತದೆ. ಬಾಗಿಲು, ಪರದೆ, ಕಂಪ್ಯೂಟರುಗಳನ್ನು ಎಬ್ಬಿಸುವ ಸಣ್ಣ ಬ್ಯಾಟರಿ ಸತ್ತರೆ ಕಾರು ಏಳುವುದೇ ಇಲ್ಲ. ಪೆಟ್ರೋಲ್ ಕಾರುಗಳನ್ನೂ ಅತಿ ಹೆಚ್ಚು ಸಲ ನಿಲ್ಲಿಸಿದ್ದು ಇದೇ ಬ್ಯಾಟರಿ. ಕೆಲವು ಮಾದರಿಗಳಲ್ಲಿ ದೋಷ ಇನ್ನೂ ಒಳಗಿತ್ತು. ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ಚಾರ್ಜ್ ಕೊಡುವ ಘಟಕವೇ ಹಾಳಾಗಬಹುದೆಂದು 2024ರಲ್ಲಿ ಹ್ಯುಂಡೈ ಅಯಾನಿಕ್ 5 ಮತ್ತು ಕಿಯಾ ಇವಿ6 ಕಾರುಗಳನ್ನು ಭಾರತದಲ್ಲೂ ದುರಸ್ತಿಗೆ ಹಿಂದಕ್ಕೆ ಕರೆಸಿದರು. ಇವಿ ಅಭಿಮಾನಿಗಳು ಇದನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ‘ನಮ್ಮ ಗಾಡಿಯಲ್ಲಿ ಕೆಡುವಂಥದ್ದು ಏನೂ ಇಲ್ಲ’ ಎನ್ನುವವರ ಮಾತು ಕೇಳಿ ಕಾರು ಕೊಳ್ಳಬೇಡಿ.

ಆದರೂ ಇಲ್ಲದ ವಸ್ತು ಕೆಡುವುದಿಲ್ಲ ಎಂಬುದಂತೂ ಉಳಿಯುತ್ತದೆ. ಕ್ಲಚ್ ಪ್ಲೇಟ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಇಂಜೆಕ್ಟರ್ ಇಲ್ಲ, ಟರ್ಬೊ ಇಲ್ಲ. ಮುಖ್ಯವಾಗಿ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಅಂಟಿಕೊಂಡ ಡಿಪಿಎಫ್ ಇಲ್ಲ. ಹೊಗೆಯ ಮಸಿ ಹಿಡಿಯುವ ಈ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಚೊಕ್ಕ ಮಾಡಿಕೊಳ್ಳಬೇಕಾದರೆ ಗಾಡಿ ಒಂದಷ್ಟು ಹೊತ್ತು ಬಿಡುವಿಲ್ಲದೆ ಓಡಬೇಕು. ಬೆಂಗಳೂರಿನ ಜಾಮ್‌ನಲ್ಲಿ ಅದು ಸಾಧ್ಯವೇ? ಮೀಟರ್ ಬೋರ್ಡಿನಲ್ಲಿ ಲೈಟ್ ಹತ್ತಿತೆಂದು, ಹೋಗಬೇಕಾದ ಊರು ಯಾವುದೂ ಇಲ್ಲದೆ, ಬರೀ ಮಸಿ ಸುಡಲಿಕ್ಕೆ ನೈಸ್ ರಸ್ತೆಗೆ ಹೋಗಿ ಬರುವ ಮಹನೀಯರಿದ್ದಾರೆ. ಕನಿಕರಕ್ಕೆ ಅವರೂ ಅರ್ಹರು.

ಎರಡನೆಯದು, ‘ಐದು ವರ್ಷಕ್ಕೆ ಬ್ಯಾಟರಿ ಹೋಗುತ್ತೆ, ಕಾರಿನ ಅರ್ಧ ಬೆಲೆ ಅದಕ್ಕೇ.’ ಈ ಭಯ ಬೆಂಗಳೂರಿನವರಿಗೆ ಬಂದದ್ದಕ್ಕೆ ಕಾರಣವಿದೆ. ದೇಶದಲ್ಲಿ ಮೊದಮೊದಲು ಎಲೆಕ್ಟ್ರಿಕ್ ಕಾರು ಕಂಡವರಲ್ಲಿ ನಾವೂ ಸೇರಿದ್ದೇವೆ. ಚೇತನ್ ಮೈನಿಯವರ ರೇವಾ 2001ರಲ್ಲಿ ಇಲ್ಲಿಂದಲೇ ರಸ್ತೆಗಿಳಿಯಿತು, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು, 2010ರಲ್ಲಿ ಮಹೀಂದ್ರಾ ಪಾಲಾಯಿತು. ಅದರ ಹೊಟ್ಟೆಯಲ್ಲಿದ್ದದ್ದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಮನೆಯ ಯುಪಿಎಸ್‌ನಲ್ಲಿ ಇರುವ ಜಾತಿಯದೇ. ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಮೂರ್ನಾಲ್ಕು ವರ್ಷಕ್ಕೆ ಇಡೀ ಸೆಟ್ ಬದಲಿಸಬೇಕು. ಆ ಅನುಭವ ಸುಳ್ಳಲ್ಲ. ಅದನ್ನು ಇವತ್ತಿನ ಲಿಥಿಯಂ ಬ್ಯಾಟರಿಗೆ ಹೊರಿಸುವುದು ತಪ್ಪು. ಈಗಿನವುಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಸಾಮಾನ್ಯ. ಕಂಪನಿಗಳು ಧರ್ಮಕ್ಕೆ ಇದನ್ನು ಕೊಡುತ್ತಿಲ್ಲ, ಲೆಕ್ಕ ಹಾಕಿಯೇ ಕೊಡುತ್ತಿವೆ. ಬ್ಯಾಟರಿ ಸವೆಯುತ್ತದೆ, ವರ್ಷಕ್ಕೆ ಸುಮಾರು ಶೇ 2ರಷ್ಟು. ಹತ್ತು ವರ್ಷದ ಹಳೆಯ ಡೀಸೆಲ್ ಎಂಜಿನ್ ಹೊಸತರಂತೆಯೇ ಎಳೆಯುತ್ತದೆಯೇ?

ಬಿಸಿಲಿನ ಪ್ರಶ್ನೆ ಮಾತ್ರ ಗಂಭೀರವಾದದ್ದು. ಅಮೆರಿಕದ ಅರಿಝೋನಾದ ಸೆಕೆಯಲ್ಲಿ ಮೊದಲ ಪೀಳಿಗೆಯ ನಿಸ್ಸಾನ್ ಲೀಫ್ ಕಾರುಗಳ ಬ್ಯಾಟರಿ ಬಲುಬೇಗ ಸೊರಗಿತು. ಅದರ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ಏರ್ಪಾಡು ಇರಲಿಲ್ಲ. 2020ರ ಜನವರಿಯಲ್ಲಿ ಬಂದ ನೆಕ್ಸಾನ್ ಇವಿಯಲ್ಲೇ ಆ ಏರ್ಪಾಡು ಇತ್ತು. ಕಲಬುರಗಿ, ರಾಯಚೂರು ಕಡೆಯವರು ಕಾರು ನೋಡಲು ಹೋದಾಗ ಸನ್‌ರೂಫ್ ಬಗ್ಗೆ ಕೇಳುವ ಮೊದಲು ಇದನ್ನು ಕೇಳಬೇಕು.

ಬೆಂಕಿಯ ಮಾತಿಗೆ ಬರೋಣ. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೊ ನೋಡದವರಿಲ್ಲ. ಅದೇ ಜೂನ್‌ನಲ್ಲಿ ಮುಂಬೈ ಬಳಿಯ ವಸಯಿಯಲ್ಲಿ ನೆಕ್ಸಾನ್ ಇವಿಯೊಂದು ಸುಟ್ಟುಹೋಯಿತು. ಆಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ತಂದರು. ಹೊರದೇಶದ ಲೆಕ್ಕ ಬೇಕೆಂದರೆ ಸ್ವೀಡನ್ನಿನದು ಇದೆ: 2022ರಲ್ಲಿ ಅಲ್ಲಿ ಸುಮಾರು 6.11 ಲಕ್ಷ ಚಾರ್ಜ್ ಮಾಡುವ ಕಾರುಗಳಲ್ಲಿ 23 ಬೆಂಕಿಗೆ ಸಿಕ್ಕವು. 44 ಲಕ್ಷ ಪೆಟ್ರೋಲ್-ಡೀಸೆಲ್ ಕಾರುಗಳಲ್ಲಿ ಸುಮಾರು 3,400. ಇಲ್ಲಿ ಮಾತ್ರ ವಯಸ್ಸಿನ ತಕರಾರು ನ್ಯಾಯವಾದದ್ದೇ, ಹಳೆಯ ಕಾರುಗಳು ಹೆಚ್ಚು ಉರಿಯುತ್ತವೆ. ಅದನ್ನು ಕಳೆದರೂ ಅಂತರ ಅಳಿಸಿಹೋಗುವಷ್ಟು ಚಿಕ್ಕದಲ್ಲ. ಆದರೆ ಲಿಥಿಯಂ ಬ್ಯಾಟರಿ ಒಮ್ಮೆ ಹತ್ತಿಕೊಂಡಿತೆಂದರೆ ಆರಿಸುವುದು ಕಷ್ಟ, ಆರಿದ್ದು ಮತ್ತೆ ಹೊತ್ತಿಕೊಳ್ಳಬಹುದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಬಗ್ಗೆ ಅಳುಕುವವರನ್ನು ನಾನು ಗೇಲಿ ಮಾಡಲಾರೆ.

‘ಮಳೆಗಾಲದಲ್ಲಿ ಶಾಕ್ ಹೊಡೆಯುತ್ತೆ’ ಎಂಬುದಕ್ಕೆ ಹೆಚ್ಚು ಮಾತು ಬೇಡ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ದರ್ಜೆ ಇದ್ದರೆ ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸಿದ್ದಾರೆಂದು ಅರ್ಥ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ನೀರು ತುಂಬಿದಾಗ ಎಂಜಿನ್ ಒಳಕ್ಕೆ ನೀರೆಳೆದುಕೊಂಡು ಹಾಳಾದ ಕಾರುಗಳಿಗೇನೂ ಕಡಿಮೆಯಿರಲಿಲ್ಲ. ತುಂಬಿದ ನೀರಿಗೆ ಯಾವ ಕಾರನ್ನೂ ಇಳಿಸಬಾರದು, ಅಷ್ಟೇ.

ಇನ್ನು ‘ಮಜಾ ಇಲ್ಲ’ ಎಂಬ ದೂರು. ಎಂಜಿನ್ ಸದ್ದು, ಗೇರ್ ಬದಲಿಸುವ ಕೈಚಳಕ ಇಷ್ಟವೆಂದರೆ ಅದು ಅವರವರ ರುಚಿ, ಅದಕ್ಕೆ ಪ್ರತ್ಯುತ್ತರವಿಲ್ಲ. ಆದರೆ ಅದೇ ಉಸಿರಿನಲ್ಲಿ ‘ಇವಿ ಊರೊಳಗೆ ಸರಿ, ಘಾಟಿಗೆ ಆಗದು’ ಎನ್ನುತ್ತಾರಲ್ಲ, ಅದು ರುಚಿಯ ಮಾತಲ್ಲ, ಲೆಕ್ಕದ ಮಾತು. ಗುಂಡ್ಯದಿಂದ ಶಿರಾಡಿ ಹತ್ತಿ ಸಕಲೇಶಪುರ ಮುಟ್ಟುವಾಗ ಕಾರು ಸುಮಾರು 800 ಮೀಟರ್ ಮೇಲೇರುತ್ತದೆ. ಜನ, ಸಾಮಾನು ಸೇರಿ 1,800 ಕಿಲೋ ತೂಕವನ್ನು ಅಷ್ಟು ಎತ್ತಲು ಬೇಕಾದದ್ದು ಸುಮಾರು 4 ಯುನಿಟ್ ವಿದ್ಯುತ್, ಮೋಟಾರಿನ ನಷ್ಟ ಸೇರಿಸಿದರೆ ನಾಲ್ಕೂವರೆ. ಸಮತಟ್ಟು ರಸ್ತೆಯಲ್ಲಿ 30 ಕಿಲೋಮೀಟರ್ ಓಡಿದಷ್ಟು ಹೆಚ್ಚುವರಿ ಖರ್ಚು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ವಾಪಸು ತುಂಬುತ್ತದೆ. ಘಾಟಿ ಇಳಿದು ಮುಗಿಸಿದಾಗ ಟ್ಯಾಂಕಿನಲ್ಲಿ ಎಣ್ಣೆ ಹೆಚ್ಚಾದ ಡೀಸೆಲ್ ಕಾರು ಇದ್ದರೆ ತೋರಿಸಿ.

ಓಡಿಸುವ ಅನುಭವಕ್ಕೇ ಬಂದರೂ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಇವಿಯ ಗುಣ ತಿಳಿಯುತ್ತದೆ. ಹಿಮ್ಮುರಿ ತಿರುವಿನಲ್ಲಿ ಗಾಡಿ ನಿಂತಂತಾಗಿ, ಮುಂದೆ ಬಸ್ಸು, ಹಿಂದೆ ಲಾರಿ ಇದ್ದಾಗ, ಕ್ಲಚ್ ಒದ್ದಾಟವಿಲ್ಲ, ಟರ್ಬೊ ಏಳಲಿ ಎಂದು ಕಾಯುವುದಿಲ್ಲ. ಕಾಲು ಊರಿದ ಕ್ಷಣಕ್ಕೆ ಪೂರ್ತಿ ಎಳೆತ ಸಿಗುತ್ತದೆ. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ತಾನೇ ತಗ್ಗುತ್ತದೆ, ಬ್ರೇಕ್ ಸುಟ್ಟ ವಾಸನೆ ಬರುವುದಿಲ್ಲ. ಇದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು, ಅಭಿಮಾನಿಗಳು ಇದನ್ನು ಹೇಳುವುದು ಕಡಿಮೆ: ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ತುಂಬಿಕೊಂಡು ಸಂಪಾಜೆ ಘಾಟಿ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿಗೆ ವಾಪಸು ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆಗ ಮೋಟಾರಿನ ಹಿಡಿತ ಕುಗ್ಗಿ, ಭಾರವಾದ ಗಾಡಿಯನ್ನು ಬ್ರೇಕೇ ಹೊರಬೇಕಾಗುತ್ತದೆ. ಶೇ 85ಕ್ಕೆ ನಿಲ್ಲಿಸಿ ಹೊರಡಿ. ತೂಕವೂ ನಿಜವಾದ ಕುಂದೇ. ಬ್ಯಾಟರಿಯ ಭಾರ ತಡೆಯಲು ಸಸ್ಪೆನ್ಷನ್ ಬಿಗಿ ಮಾಡಿರುತ್ತಾರೆ, ಹಳ್ಳಿ ರಸ್ತೆಯ ಗುಂಡಿಗಳು ಹಿಂದಿನ ಸೀಟಿನವರಿಗೆ ಚೆನ್ನಾಗಿಯೇ ತಿಳಿಯುತ್ತವೆ.

‘ರೇಂಜ್ ಬರೀ ಸುಳ್ಳು.’ ಮೊದಲ ನೆಕ್ಸಾನ್ ಇವಿಗೆ ಪ್ರಮಾಣಪತ್ರದಲ್ಲಿ 312 ಕಿಲೋಮೀಟರ್ ಇತ್ತು, ರಸ್ತೆಯಲ್ಲಿ 200ರ ಆಸುಪಾಸು ಸಿಗುತ್ತಿತ್ತು. ಅದೇ ಪ್ರಯೋಗಾಲಯ ಪೆಟ್ರೋಲ್ ಕಾರಿಗೆ ಕೊಡುವ ಮೈಲೇಜ್ ಯಾರಿಗೆ ಸಿಕ್ಕಿದೆ? ವ್ಯತ್ಯಾಸವಿರುವುದು ಎಲ್ಲಿ ಎಂದರೆ, ಇವಿ ಊರೊಳಗೆ ಹೆಚ್ಚು ಓಡಿ ಹೆದ್ದಾರಿಯಲ್ಲಿ ಕಡಿಮೆ ಓಡುತ್ತದೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಎಸಿ ಹಾಕಿಕೊಂಡು ಒಂದು ತಾಸು ಕೂತರೆ ಹೋಗುವುದು ಒಂದು ಯುನಿಟ್ಟು. ಹೆದ್ದಾರಿಯಲ್ಲಿ 80ರ ಬದಲು 110ರಲ್ಲಿ ಹೋದರೆ ಗಾಳಿಯ ಪ್ರತಿರೋಧ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಷ್ಟು ತಿಳಿದವರಿಗೆ ರೇಂಜ್ ಮೋಸ ಮಾಡುವುದಿಲ್ಲ.

‘ಆ ಕರೆಂಟು ಬರುವುದೂ ಕಲ್ಲಿದ್ದಲು ಸುಟ್ಟೇ ಅಲ್ಲವೇ?’ ಎಂಬ ವಾದಕ್ಕೆ ಒಂದೇ ಲೆಕ್ಕ ಸಾಕು. ನಮ್ಮ ಗ್ರಿಡ್‌ನ ಒಂದು ಯುನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಗೋಡೆಯ ಪ್ಲಗ್‌ನಿಂದ ಲೆಕ್ಕ ಹಾಕಿದರೆ ಯುನಿಟ್ಟಿಗೆ 6 ಕಿಲೋಮೀಟರ್; ಅಂದರೆ ಕಿಲೋಮೀಟರಿಗೆ 120 ಗ್ರಾಂ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿನದು 150ಕ್ಕೂ ಹೆಚ್ಚು. ಲಾಭ ಇದೆ, ಜಾಹೀರಾತಿನವರು ಹೇಳುವಷ್ಟು ಇಲ್ಲ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಂಥವು ಹೆಚ್ಚಿದ ಹಾಗೆ ಅದೇ ಕಾರಿನ ಲೆಕ್ಕ ಸುಧಾರಿಸುತ್ತದೆ. ಪೆಟ್ರೋಲ್ ಕಾರಿನದು ಕೊಂಡ ದಿನ ಇದ್ದಲ್ಲೇ ಇರುತ್ತದೆ.

ಉಳಿದದ್ದು ಪೂರ್ತಿ ನಿಜವಾದ ಆಕ್ಷೇಪ. ‘ಕಾರು ಸರಿ, ಚಾರ್ಜರ್ ಎಲ್ಲಿ?’ ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಚಾರ್ಜರ್‌ಗಳ ಸಂಖ್ಯೆಯೂ ಬೆಳೆದಿದೆ. ಆದರೆ ಸಂಖ್ಯೆ ಬೇರೆ, ಕೆಲಸ ಮಾಡುವುದು ಬೇರೆ. ಆ್ಯಪ್‌ನಲ್ಲಿ ಹಸಿರು ಬಣ್ಣ ನೋಡಿಕೊಂಡು ಹೋದರೆ ಅಲ್ಲಿ ಪರದೆ ಸತ್ತಿರುತ್ತದೆ, ಹೋಟೆಲಿನವರು ‘ಹೋದ ವಾರದಿಂದಲೇ ಹಂಗೈತಿ ಸಾರ್’ ಎನ್ನುತ್ತಾರೆ, ಸಹಾಯವಾಣಿಯವರು ಮೆಷಿನ್ನನ್ನು ದೂರದಿಂದಲೇ ಆಫ್ ಮಾಡಿ ಆನ್ ಮಾಡುತ್ತಾರೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ನೂರು-ಇನ್ನೂರು ರೂಪಾಯಿ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಲಾಗದೆ ಹೊರಗಿನದನ್ನೇ ನಂಬಬೇಕಾದವರಿಗೆ ಇವತ್ತಿನ ಸ್ಥಿತಿಯಲ್ಲಿ ಇವಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಆದರೆ ಇದು ಕಾರಿನ ಮೇಲಿನ ದೂರಲ್ಲ. ಪೆಟ್ರೋಲ್ ಬಂಕ್ ಮುಚ್ಚಿದ್ದರೆ ನಾವು ಎಂಜಿನ್ನನ್ನು ಬೈಯುವುದಿಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆದು ಹೆದ್ದಾರಿಯಲ್ಲಿ ಹಾಕುವ ಚಾರ್ಜರ್‌ಗಳು ಶೇ 97ಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತಿರಬೇಕೆಂದು 2023ರಲ್ಲಿ ಷರತ್ತು ಹಾಕಿದರು. ಸಹಾಯಧನ, ಜಾಗ, ರಿಯಾಯಿತಿ ದರದ ವಿದ್ಯುತ್ ಪಡೆದವರಿಗೆ ನಮ್ಮಲ್ಲೂ ಅಂಥದೇ ಷರತ್ತು ಬೇಕು, ತಪ್ಪಿದರೆ ದಂಡವೂ ಬೇಕು. ಇದಕ್ಕಾಗಿ ವಿಧಾನಸೌಧಕ್ಕೆ ಅರ್ಜಿ ಹಿಡಿದು ಹೋಗೋಣವೆಂದರೆ ನಾನು ತಯಾರು, ನಿಮ್ಮ ಡೀಸೆಲ್ ಗಾಡಿಯಲ್ಲೇ ಆದರೂ ಸರಿ. ಡಿಪಿಎಫ್ ಲೈಟ್ ಹತ್ತಿದ್ದರೆ ನೈಸ್ ರಸ್ತೆ ಸುತ್ತಿಕೊಂಡೇ ಹೋಗೋಣ.