ಗಡುವು ಮುಗಿದ ಮೇಲೆ

ಗಣಕಯಂತ್ರದ ಗೊಡವೆ ಬಿ.ಎ. ತರಗತಿಯವನಿಗೇಕೆ ಎಂದು ಮಿತ್ರರು ಹುಬ್ಬೇರಿಸಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಹಾಸನಕ್ಕೆ ಬರುವ ನಮ್ಮಂಥವರ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನ, ಅಂಕಪಟ್ಟಿ ಎಲ್ಲವೂ ಇಂದು ಆ ಯಂತ್ರದ ಬಾಯಿಂದಲೇ ಹೊರಬರಬೇಕು. ಆದುದರಿಂದ ಅದರ ನಡವಳಿಕೆ ನಮಗೂ ಸಂಬಂಧಿಸಿದ್ದೇ ಸರಿ.

ಒಂದು ಪ್ರೋಗ್ರಾಂ ತನ್ನ ಕೆಲಸದ ಒಂದು ಪಾಲನ್ನು ಇನ್ನೊಂದಕ್ಕೆ ವಹಿಸುವುದುಂಟು. ಆ ಎರಡನೆಯದು ಎಲ್ಲೋ ಸಿಕ್ಕಿಕೊಂಡರೆ ಮೊದಲನೆಯದು ಕಾಯುತ್ತಲೇ ಕೂರುತ್ತದೆ. ಸರದಿಯಲ್ಲಿ ನಿಂತವರಿಗೆ ಕೊನೆಯ ಬಸ್ಸು ತಪ್ಪುತ್ತದೆ. ಇಷ್ಟು ಸೆಕೆಂಡು ಎಂದು ಗಡುವು ಹಾಕಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಗಡುವು ಮೀರಿದ ಮೇಲೆ ಏನು ಮಾಡತಕ್ಕದ್ದು ಎಂಬಲ್ಲಿಯೇ ನನ್ನ ತಕರಾರು.

ಲಿನಕ್ಸ್ ವ್ಯವಸ್ಥೆಯ ಸಂಕೇತಗಳಲ್ಲಿ 15ನೆಯದು ಸಿಗ್‌ಟರ್ಮ್. "ಸಾಕು, ಏಳಪ್ಪ" ಎಂದು ಹೇಳಿದ ಹಾಗೆ; ಕೇಳಿಸಿಕೊಂಡ ಪ್ರೋಗ್ರಾಂ ಅರ್ಧ ಬರೆದ ಕಡತವನ್ನು ಸರಿಪಡಿಸಿ ಹೊರಡಬಹುದು, ಹಟಮಾರಿಯಾದರೆ ಕೇಳದೆಯೂ ಇರಬಹುದು. 9ನೆಯದು ಸಿಗ್‌ಕಿಲ್. ಅದು ಕತ್ತು ಹಿಡಿದು ನೂಕುವುದೇ. ಅದರ ಮುಂದೆ ಯಾವ ಹಟವೂ ಇಲ್ಲ. ಮೊದಲು ಹದಿನೈದು, ಸ್ವಲ್ಪ ಕಾದು ಒಂಬತ್ತು ಎಂಬ ಕ್ರಮವೇ ನ್ಯಾಯವಾದುದು. ವಿಂಡೋಸ್‌ನ ರೀತಿಯೇ ಬೇರೆ. ಪೈಥಾನ್ ಭಾಷೆಯಲ್ಲಿ ಟರ್ಮಿನೇಟ್, ಕಿಲ್ ಎಂಬ ಎರಡು ಮಾತುಗಳಿದ್ದರೂ ವಿಂಡೋಸ್‌ನಲ್ಲಿ ಎರಡರ ಅರ್ಥವೂ ಒಂದೇ: ತತ್‌ಕ್ಷಣ ಕೊನೆ. ಹೀಗಿರುವಾಗ "ಎಲ್ಲ ಯಂತ್ರಗಳಲ್ಲಿಯೂ ಒಂದೇ ಸಮ ನಡೆಯುತ್ತದೆ" ಎಂಬ ಹೊಗಳಿಕೆಯನ್ನು ನಂಬುವುದು ಹೇಗೆ?

ಇನ್ನೊಂದು ಪೇಚು ಇದಕ್ಕಿಂತ ದೊಡ್ಡದು. ಆಲೂಗಡ್ಡೆ ಕೀಳುವ ಹೊಲದಲ್ಲಿ ಮೇಸ್ತ್ರಿಯನ್ನು ಮನೆಗೆ ಕಳುಹಿಸಿದ ಮಾತ್ರಕ್ಕೆ ಆಳುಗಳು ಗುದ್ದಲಿ ಕೆಳಗಿಡುವುದಿಲ್ಲ. ಶೆಲ್ಲಿನ ಮೂಲಕ ಕೆಲಸ ಹಚ್ಚಿದಾಗಲೂ ಹೀಗೆಯೇ. ಗಡುವಿಗೆ ಸಾಯುವುದು ಶೆಲ್ಲು, ಅದು ಹುಟ್ಟಿಸಿದ ಪ್ರೋಗ್ರಾಂ ಕಣ್ಣಿಗೆ ಬೀಳದೆ ದುಡಿಯುತ್ತಲೇ ಇರಬಹುದು. ಲಿನಕ್ಸ್‌ನಲ್ಲಿ ಇಡೀ ಗುಂಪಿಗೇ ಸಂಕೇತ ಕಳುಹಿಸಬೇಕು. ವಿಂಡೋಸ್‌ನಲ್ಲಿ ಎಲ್ಲವನ್ನೂ ಮೊದಲೇ ಒಂದು 'ಜಾಬ್ ಆಬ್ಜೆಕ್ಟ್'ಗೆ ಸೇರಿಸಿರಬೇಕು. ಅವಸರದವರು ಇವೆರಡನ್ನೂ ಬಿಟ್ಟುಬಿಡುತ್ತಾರೆ.

ಆಜ್ಞೆ ಕೊಟ್ಟಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದೂ ತರವಲ್ಲ. ನಮ್ಮ ಹಾಸನದಲ್ಲಿಯೇ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಆಜ್ಞೆ ಹೋಗಿ ಮರಳಿ ಸಂಕೇತ ಬರಲು ಕಾಲು ಸೆಕೆಂಡು ಬೇಕು; ಆಜ್ಞೆ ನೆರವೇರಿತೆ ಇಲ್ಲವೆ ಎಂಬುದು ಆ ಮರುಸಂಕೇತದಿಂದಲೇ ತಿಳಿಯತಕ್ಕದ್ದು. ಮೇಜಿನ ಮೇಲಿನ ಯಂತ್ರದಲ್ಲಿಯೂ ಕೊಂದ ಮೇಲೆ 'ವೇಟ್' ಎಂದು ವಿಚಾರಿಸಲೇಬೇಕು. ವಿಚಾರಿಸದಿದ್ದರೆ ಲಿನಕ್ಸ್‌ನ ಪಟ್ಟಿಯಲ್ಲಿ ಸತ್ತವನ ಹೆಸರು ಅಳಿಯದೆ ಉಳಿದಿರುತ್ತದೆ. ಇಂಥವಕ್ಕೆ ಜೋಂಬಿ ಎಂದು ಹೆಸರಿಟ್ಟವರು ರಸಿಕರೇ ಇರಬೇಕು!

ಪರೀಕ್ಷೆಗಳಲ್ಲಿ ಸಂಕ್ಷೇಪಾಕ್ಷರಗಳ ವಿಸ್ತಾರ ಕೇಳುವ ಬದಲು, ಮಾತು ಕೇಳದ ಒಂದು ಪ್ರೋಗ್ರಾಮನ್ನು ಎರಡೂ ವ್ಯವಸ್ಥೆಗಳಲ್ಲಿ ನಡೆಸಿ ನಿಲ್ಲಿಸಿ ತೋರಿಸೆಂದು ಅಧ್ಯಾಪಕರು ಕೇಳಲಿ. ಕಡತ ಅರ್ಧಕ್ಕೆ ತುಂಡಾಗಿದೆಯೆ, ಹೊಲದಲ್ಲಿ ಇನ್ನೂ ಯಾರಾದರೂ ಉಳಿದಿದ್ದಾರೆಯೆ ಎಂದು ಅನಂತರ ಇಬ್ಬರೂ ಕೂಡಿ ನೋಡೋಣ.